ಕೀ ಎಲ್ಲಿಂದ ಬಂತು ಅಂತ ಮೊದಲು ಕೇಳಿ

ಮೈಸೂರಿನ ಹೆಬ್ಬಾಳದಲ್ಲಿರುವ ನಮ್ಮದು ಚಿಕ್ಕ ಆಫೀಸು. ಹಲವು ಗ್ರಾಹಕರ ಎಡಬ್ಲ್ಯೂಎಸ್ (ಅಮೆಜಾನಿನ ಕ್ಲೌಡ್ ಸೇವೆ) ಖಾತೆಗಳನ್ನು ಒಂದೇ ಲ್ಯಾಪ್‌ಟಾಪಿನಿಂದ, ಕಮಾಂಡ್ ಹೊಡೆದು ಬಳಸುವ 'ಎಡಬ್ಲ್ಯೂಎಸ್ ಸಿಎಲ್‌ಐ' ಟೂಲಿನ ಮೂಲಕ ನೋಡಿಕೊಳ್ಳಬೇಕು. ಯಾವ ಖಾತೆಗೆ ಹೋಗಬೇಕು ಅಂತ ತೀರ್ಮಾನಿಸುವುದು ಕೀ, ಅಂದರೆ ಪಾಸ್‌ವರ್ಡಿನಂಥ ಗುರುತು. ಮೊನ್ನೆ ಹೊಸದಾಗಿ ಸೇರಿದ ಹುಡುಗಿ ಕರೆದಳು: 'ಸರ್, ಹೊಸ ಕೀ ಹಾಕಿದೀನಿ, ಆದ್ರೂ ಹಳೇ ಖಾತೆಗೇ ಹೋಗ್ತಿದೆ.'

ಕೀ ಬರೆದಿಡುವ ಕ್ರೆಡೆನ್ಶಿಯಲ್ಸ್ ಫೈಲು ತೆಗೆದು ತೋರಿಸಿದಳು. ಸರಿಯಾಗೇ ಇತ್ತು. 'ಫೈಲು ಬಿಡಮ್ಮ, ಟೂಲನ್ನೇ ಕೇಳು' ಅಂದೆ. 'ಎಡಬ್ಲ್ಯೂಎಸ್ ಕಾನ್ಫಿಗರ್ ಲಿಸ್ಟ್' ಹೊಡೆದಳು. ಕೀಯ ಕೊನೆಯ ನಾಲ್ಕು ಅಕ್ಷರ ಬಿಟ್ಟು ಉಳಿದದ್ದೆಲ್ಲ ಚುಕ್ಕಿ. ಪಕ್ಕದ ಟೈಪ್ ಕಾಲಮ್ಮಿನಲ್ಲಿ 'ಎನ್ವ್' ಅಂತಿತ್ತು. ಅಂದರೆ ಕೀ ಬಂದದ್ದು ಫೈಲಿನಿಂದಲ್ಲ, ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ (ಟರ್ಮಿನಲ್ ನೆನಪಿಟ್ಟುಕೊಳ್ಳುವ ಮೌಲ್ಯ). ಆ ಲ್ಯಾಪ್‌ಟಾಪ್ ಹಿಂದೆ ಬಳಸುತ್ತಿದ್ದವರು ಬ್ಯಾಶ್‌ಆರ್‌ಸಿಯಲ್ಲಿ (ಟರ್ಮಿನಲ್ ತೆರೆದಾಗ ಓಡುವ ಫೈಲು) ಹಳೇ ಕೀಯನ್ನು ಆ ವೇರಿಯಬಲ್‌ಗೆ ಹಾಕುವ ಒಂದು ಎಕ್ಸ್‌ಪೋರ್ಟ್ ಸಾಲು ಬಿಟ್ಟು ಹೋಗಿದ್ದರು.

ಟೂಲು ಒಂದು ಕ್ರಮದಲ್ಲಿ ಹುಡುಕುತ್ತದೆ. ಮೊದಲು ಸಿಕ್ಕಿದ್ದನ್ನು ಹಿಡಿದು ಅಲ್ಲೇ ನಿಲ್ಲುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್ ಮುಂದೆ, ಫೈಲುಗಳು ಆಮೇಲೆ, ಕಂಟೇನರ್ ಮತ್ತು ಇಸಿ2 (ಎಡಬ್ಲ್ಯೂಎಸ್‌ನ ಬಾಡಿಗೆ ಸರ್ವರ್) ಸರ್ವರಿಗೆ ಕೊಟ್ಟ ರೋಲ್, ಅಂದರೆ ಅನುಮತಿಗಳ ಗುಂಪು, ತೀರಾ ಕೊನೆಗೆ. ಒಂದೊಂದು ಖಾತೆಯ ವಿವರವನ್ನು ಫೈಲಿನಲ್ಲಿ ಹೆಸರಿಟ್ಟು ಬರೆದದ್ದೇ ಪ್ರೊಫೈಲು. ಕಮಾಂಡಿನಲ್ಲೇ ಪ್ರೊಫೈಲ್ ಹೆಸರು ಕೊಟ್ಟರೆ ವೇರಿಯಬಲ್‌ನಲ್ಲಿರುವ ಕೀಯನ್ನು ಬದಿಗಿಡುತ್ತದೆ. ಆದರೆ ಅದೇ ಹೆಸರನ್ನು ಎಡಬ್ಲ್ಯೂಎಸ್ ಪ್ರೊಫೈಲ್ ವೇರಿಯಬಲ್ ಮೂಲಕ ಕೊಟ್ಟರೆ ವೇರಿಯಬಲ್‌ನಲ್ಲಿರುವ ಕೀಯೇ ಗೆಲ್ಲುತ್ತದೆ. ಅನುಭವಸ್ಥರೂ ಎಡವುವುದು ಇಲ್ಲೇ.

ತಾತ್ಕಾಲಿಕ ಕೀಗಳದ್ದು ಇನ್ನೊಂದು ತರಲೆ. 'ಎಎಸ್‌ಐಎ' ಅಂತ ಶುರುವಾಗುವ ಕೀಗೆ ಸೆಷನ್ ಟೋಕನ್ (ಆ ಕೀ ಜೊತೆಗೇ ಬರುವ ಇನ್ನೊಂದು ಗುರುತು) ಜೊತೆಗಿರಲೇಬೇಕು. 'ಎಕೆಐಎ' ಅಂತ ಶುರುವಾಗುವ ಕಾಯಂ ಕೀಗೆ ಅದು ಬೇಡ. ಹಳೇ ಟೋಕನ್ ಹಾಗೇ ಉಳಿದಿದ್ದು ಕೀ ಮಾತ್ರ ಬದಲಾದರೆ, ಟೋಕನ್ ಸರಿಯಿಲ್ಲ ಅಂತ ಎರರ್ ಬರುತ್ತದೆ. ಜನ ಕೀಯನ್ನೇ ಬೈಯುತ್ತ ಕೂರುತ್ತಾರೆ.

ನನ್ನ ಲ್ಯಾಪ್‌ಟಾಪಿನಲ್ಲಿ ಡಿಫಾಲ್ಟ್ ಪ್ರೊಫೈಲನ್ನು ಬೇಕಂತಲೇ ಖಾಲಿ ಬಿಟ್ಟಿದ್ದೇನೆ. ಗ್ರಾಹಕರಿಗೊಂದೊಂದು ಪ್ರೊಫೈಲು, ಆದಷ್ಟೂ ಎಸ್‌ಎಸ್‌ಒ ಲಾಗಿನ್ (ಬ್ರೌಸರಿನಲ್ಲಿ ಲಾಗಿನ್ ಆಗಿ ತಾತ್ಕಾಲಿಕ ಕೀ ಪಡೆಯುವ ವಿಧಾನ). ಹೆಸರು ಹಾಕುವುದು ಮರೆತರೆ ಕ್ರೆಡೆನ್ಶಿಯಲ್ಸ್ ಸಿಗಲಿಲ್ಲ ಅಂತ ಕಮಾಂಡ್ ನಿಂತುಬಿಡುತ್ತದೆ. ಬೇರೆಯವರ ಖಾತೆಯಲ್ಲಿ ಬಕೆಟ್ (ಫೈಲುಗಳ ಸಂಗ್ರಹ) ಅಳಿಸುವುದಕ್ಕಿಂತ ಅದು ಎಷ್ಟೋ ವಾಸಿ. ಏನನ್ನಾದರೂ ಅಳಿಸುವ ಮುಂಚೆ 'ಎಸ್‌ಟಿಎಸ್ ಗೆಟ್ ಕಾಲರ್ ಐಡೆಂಟಿಟಿ' ಓಡಿಸಿ 12 ಅಂಕಿಯ ಖಾತೆ ಸಂಖ್ಯೆ ನೋಡಿಕೊಳ್ಳುತ್ತೇನೆ.

ಸರ್ವರಿನಲ್ಲಂತೂ ಕೀ ಫೈಲು ಇಡುವುದೇ ಇಲ್ಲ. ರೋಲ್ ಕೊಟ್ಟರೆ, ಸರ್ವರಿನ ಒಳಗಿನಿಂದ ಮಾತ್ರ ಸಿಗುವ 169.254.169.254 ವಿಳಾಸದಿಂದ ತಾತ್ಕಾಲಿಕ ಕೀ ಬರುತ್ತದೆ, ಅವಧಿ ಮುಗಿಯುವ ಮುಂಚೆ ಟೂಲೇ ಹೊಸದನ್ನು ತರುತ್ತದೆ. ಯಾರಾದರೂ ಅಲ್ಲಿ ಕೀ ಫೈಲು ಕಾಪಿ ಮಾಡಿದರೆ ಫೈಲೇ ಮೊದಲು ಸಿಗುವುದರಿಂದ, ನಾವು ಕೊಟ್ಟ ರೋಲ್ ಇದ್ದೂ ಇಲ್ಲದಂತೆ.