ಕ್ಯಾಲೆಂಡರಿನ ಕೆಳಗಿನ ಪಟ್ಟಿ

ನಾನು ಹಳೇ ಅಂಗಡಿಗಳ ಕಾಗದ ಕೂಡಿಡುತ್ತೇನೆ. ಕ್ಯಾಲೆಂಡರು, ಬಿಲ್ಲು, ಕರಪತ್ರ, ಬೀಡಿ ಕಟ್ಟಿನ ಲೇಬಲ್ಲು, ಊದುಬತ್ತಿ ಪೊಟ್ಟಣ, ಬಂಗಾರದ ಅಂಗಡಿಯವರು ಓಲೆ ಸುತ್ತಿ ಕೊಡುತ್ತಿದ್ದ ಗುಲಾಬಿ ಕಾಗದ. ನಾನಿರುವುದು ಸಾಗರದ ಕಡೆ. ಹಾಗಾಗಿ ಅಡಿಕೆ ಮಂಡಿ, ಜವಳಿ ಅಂಗಡಿ, ಕಿರಾಣಿ ಅಂಗಡಿಗಳದ್ದೇ ಜಾಸ್ತಿ.

ಈ ಹುಚ್ಚಿನ ಬಗ್ಗೆ ಹೇಳಿದಾಗಲೆಲ್ಲ ಜನ ಕೇಳುವುದು ರವಿವರ್ಮನ ಚಿತ್ರ ಇದೆಯಾ ಅಂತ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ತೆರೆದ ಮೇಲೆ ದೇವರ ಬಣ್ಣದ ಚಿತ್ರ ಮನೆಮನೆಗೆ ಬಂತು. ಅದನ್ನು ಕೂಡಿಡುವವರು ಬೇಕಾದಷ್ಟು ಜನ ಇದ್ದಾರೆ, ಬೆಲೆಯೂ ಹಾಗೇ ಇದೆ. ನನಗೆ ಬೇಕಾಗಿರುವುದು ಲಕ್ಷ್ಮಿಯ ಪಾದದ ಕೆಳಗಿರುವ ಅಂಗಡಿ ಹೆಸರು.

ಯಾಕೆ ಅಂತ ಹೇಳುತ್ತೇನೆ. ಕ್ಯಾಲೆಂಡರಿನ ಚಿತ್ರ ಬಹಳ ಸಲ ಶಿವಕಾಶಿಯಲ್ಲಿ ಅಚ್ಚಾಗಿ ಬರುತ್ತಿತ್ತು. ಕೆಳಗೆ ಒಂದಷ್ಟು ಜಾಗ ಖಾಲಿ ಬಿಟ್ಟಿರುತ್ತಿದ್ದರು. ದೀಪಾವಳಿಗೆ ಮೊದಲೇ ಏಜೆಂಟರು ಮಾದರಿ ಚಿತ್ರಗಳ ಆಲ್ಬಮ್ ಹಿಡಿದು ಅಂಗಡಿ ಅಂಗಡಿ ಸುತ್ತುತ್ತಿದ್ದರು. ಮಾಲೀಕರು ಒಂದು ಚಿತ್ರ ಆರಿಸುತ್ತಿದ್ದರು. ಆ ಖಾಲಿ ಜಾಗದಲ್ಲಿ ಅಂಗಡಿ ಹೆಸರು, ವಿಳಾಸ, ಫೋನ್ ನಂಬರು ಬೀಳುತ್ತಿದ್ದದ್ದು ಆಮೇಲೆ, ಎಷ್ಟೋ ಸಲ ಊರಿನ ಪ್ರೆಸ್ಸಿನ ಟ್ರೆಡಲ್ ಮಶೀನಿನಲ್ಲಿ, ಅಂದರೆ ಕಾಲಲ್ಲಿ ತುಳಿದು ಓಡಿಸುವ ಸಣ್ಣ ಅಚ್ಚಿನ ಯಂತ್ರದಲ್ಲಿ. ಅಂದರೆ ಒಂದೇ ಲಕ್ಷ್ಮಿ ಎಣ್ಣೆ ಗಾಣಕ್ಕೂ ಇದ್ದಳು, ಸೈಕಲ್ ಶಾಪಿಗೂ ಇದ್ದಳು. ಬೇರೆಬೇರೆ ಇದ್ದದ್ದು ಕೆಳಗಿನ ಪಟ್ಟಿ ಮಾತ್ರ. ವರ್ಷ ಮುಗಿದ ಮೇಲೆ ಮನೆಯವರು ಏನು ಮಾಡುತ್ತಿದ್ದರು ಹೇಳಿ? ಪಟ್ಟಿ ಕತ್ತರಿಸಿ ಎಸೆದು, ದೇವರಿಗೆ ಕಟ್ಟು ಹಾಕಿಸುತ್ತಿದ್ದರು. ಚಿತ್ರ ಉಳಿಯಿತು, ಅಂಗಡಿ ಹೋಯಿತು.

ಆದ್ದರಿಂದ ಕಟ್ಟು ಹಾಕಿಸಿದ ಹಳೇ ಫೋಟೋ ಕಂಡರೆ ನಾನು ಮೊದಲು ಹಿಂಭಾಗ ನೋಡುತ್ತೇನೆ. ಕೆಲವರು ಪಟ್ಟಿ ಕತ್ತರಿಸದೆ ಹಿಂದಕ್ಕೆ ಮಡಚಿಬಿಟ್ಟಿರುತ್ತಾರೆ. ಫೋಟೋ ಕಟ್ಟುವ ಅಂಗಡಿಯವರ ಹತ್ತಿರ ಕತ್ತರಿಸಿದ ಚೂರುಗಳು ಸಿಗುವುದೂ ಉಂಟು. ಇನ್ನೊಂದು ಒಳ್ಳೆಯ ಜಾಗ ಹಳೇ ಪಠ್ಯಪುಸ್ತಕ. ಕ್ಯಾಲೆಂಡರ್ ಹಾಳೆ ದಪ್ಪ ಇರುತ್ತದೆ, ಹಿಂದೆ ಬಿಳಿ ಇರುತ್ತದೆ ಅಂತ ಅದನ್ನೇ ಬೈಂಡ್ ಹಾಕುತ್ತಿದ್ದರಲ್ವಾ. ಟ್ರಂಕಿನ ತಳ, ಗೋಡೆ ಬೀರಿನ ಹಲಗೆ, ಮಂಡಿಯಲ್ಲಿ ಬಿಲ್ಲು ಚುಚ್ಚಿಡುವ ಕಂಬಿ, ಅಟ್ಟದ ಮೇಲಿನ ಲೆಕ್ಕದ ಪುಸ್ತಕ, ಎಲ್ಲ ಕಡೆ ಏನಾದರೂ ಇರುತ್ತದೆ. ಗುಜರಿಯವರಿಗೆ ಹೇಳಿಟ್ಟರೂ ಆಗುತ್ತದೆ. ಆದರೆ ಗುಜರಿಯಿಂದ ಬಂದ ಕಾಗದದ ಜೊತೆ ಅದರ ಕಥೆ ಬರುವುದಿಲ್ಲ. ಮನೆಯವರು ಕೊಟ್ಟರೆ "ತಗೊಂಡು ಹೋಗಿ ಮಾರಾಯ್ರೆ, ಆ ಅಂಗಡಿ ಬಸ್‌ಸ್ಟ್ಯಾಂಡ್ ಹತ್ರ ಇತ್ತು, ನಮ್ಮಪ್ಪನಿಗೆ ಅಲ್ಲೇ ಸಾಲದ ಲೆಕ್ಕ" ಅಂತ ಒಂದು ಮಾತು ಸೇರಿ ಬರುತ್ತದೆ. ಆ ಮಾತನ್ನು ಅವತ್ತೇ ಬರೆದಿಟ್ಟುಕೊಳ್ಳುತ್ತೇನೆ.

ಕಾಲ ಹಚ್ಚುವುದು ಈ ಕೆಲಸದ ಅತಿ ರುಚಿಯ ಭಾಗ. ಕರಪತ್ರಕ್ಕೆ ತಾರೀಖು ಇರುವುದಿಲ್ಲ. "ಬನ್ನಿ, ನೋಡಿ, ಕೊಳ್ಳಿ" ಅಂತ ಇರುತ್ತದೆ ಅಷ್ಟೇ. ಆದರೆ ಸಣ್ಣ ಅಕ್ಷರಗಳು ಬಾಯಿಬಿಡುತ್ತವೆ. ಬೆಲೆ ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. ನಯಾ ಪೈಸೆ ಅಂತಿದ್ದರೆ ಅಲ್ಲಿಂದ 1964ರ ನಡುವಿನದು, ಯಾಕೆಂದರೆ ಆ ವರ್ಷ 'ನಯಾ' ಬಿಟ್ಟು ಬರೀ ಪೈಸೆ ಆಯಿತು. ಬೆಂಗಳೂರಿನ ಸಗಟು ವ್ಯಾಪಾರಿಯ ವಿಳಾಸ 'ಬೆಂಗಳೂರು-2' ಎಂದಿದ್ದರೆ ಪಿನ್‌ಕೋಡ್ ಬರುವ ಮುಂಚಿನದಿರಬಹುದು. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಆ 2 ಎಲ್ಲೂ ಹೋಗಲಿಲ್ಲ, 560002 ಅನ್ನುವುದರ ಬಾಲದಲ್ಲಿ ಇವತ್ತಿಗೂ ಕೂತಿದೆ. 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮೊದಲು. ತಂತಿ ವಿಳಾಸ, ಎರಡೇ ಅಂಕಿಯ ಫೋನ್ ನಂಬರು, ಸೇರು-ಮಣದ ಲೆಕ್ಕ, ಇವೆಲ್ಲ ಸುಳಿವುಗಳೇ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಅಂಗಡಿಯವರು ಕಾಗದ ಹಾಳು ಮಾಡುವವರಲ್ಲ. ರಾಜ್ಯದ ಹೆಸರು ಬದಲಾಯಿತು ಅಂತ ಅಚ್ಚು ಹಾಕಿಸಿದ ಬಿಲ್ ಪುಸ್ತಕ ಒಲೆಗೆ ಹಾಕುತ್ತಾರಾ? ಮುಗಿಯುವವರೆಗೂ ಹರಿದು ಕೊಡುತ್ತಾರೆ. ಅಂಗಡಿ ಹೆಸರಿಗೆ ಅಚ್ಚಿನ ಬ್ಲಾಕ್ ಮಾಡಿಸಿದ್ದರೆ ಅದನ್ನೇ ವರ್ಷಗಟ್ಟಲೆ ಓಡಿಸುತ್ತಾರೆ. ಹಾಗಾಗಿ ಹಳೇ ಸುಳಿವಿಗಿಂತ ಹೊಸ ಸುಳಿವನ್ನೇ ನಾನು ಜಾಸ್ತಿ ನಂಬುವುದು. ಒಂದೇ ಕಾಗದದಲ್ಲಿ 'ಮೈಸೂರು ರಾಜ್ಯ'ವೂ ಆರಂಕಿ ಪಿನ್‌ಕೋಡೂ ಇದ್ದರೆ ಅದು 1972ಕ್ಕಿಂತ ಹಿಂದಿನದಾಗುವುದು ಸಾಧ್ಯವೇ ಇಲ್ಲ. ಎಷ್ಟು ಈಚಿನದು ಅನ್ನುವುದು ಬೇರೆ ಪ್ರಶ್ನೆ.

ಕ್ಯಾಲೆಂಡರಿನಲ್ಲಿ ಇಸವಿ ಹರಿದುಹೋಗಿದ್ದರೆ ಸಂವತ್ಸರದ ಹೆಸರು ಹುಡುಕುತ್ತೇನೆ. ಅದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ವಿಕಾರಿ ಅಂದರೆ 1959-60 ಅಥವಾ 2019-20. ಎರಡರಲ್ಲಿ ಯಾವುದು ಅಂತ ಕಾಗದ ಮುಟ್ಟಿದರೇ ಗೊತ್ತಾಗುತ್ತದೆ. ಸಂವತ್ಸರವೂ ಇಲ್ಲದಿದ್ದರೆ ವಾರ ಮತ್ತು ತಾರೀಖಿನ ಜೋಡಿ ನೋಡಬೇಕು. ಅದು ಹಲವು ವರ್ಷಗಳಿಗೆ ಹೊಂದುತ್ತದೆ, ಆದರೆ ಯುಗಾದಿ ಯಾವತ್ತು ಬಿದ್ದಿದೆ ಅಂತ ಸೇರಿಸಿ ನೋಡಿದರೆ ಆಯ್ಕೆ ತುಂಬಾ ಕಡಿಮೆಯಾಗುತ್ತದೆ.

ಪ್ರೆಸ್ಸಿನ ಹೆಸರು ಮೂಲೆಯಲ್ಲಿ ಇರುತ್ತದೆ. 1867ರ ಕಾನೂನಿನ ಪ್ರಕಾರ ಅಚ್ಚು ಹಾಕಿದವರ ಹೆಸರು, ಊರು ಹಾಕಲೇಬೇಕಿತ್ತು. ಅದು ಸಿಕ್ಕರೆ ಹಬ್ಬ. ಹೇಗೆ ಅಚ್ಚಾಯಿತು ಅಂತ ತಿಳಿಯಲು ಒಂದು ಭೂತಗನ್ನಡಿ ಸಾಕು. ಆಫ್‌ಸೆಟ್ ಚಿತ್ರವಾದರೆ ಚುಕ್ಕಿಗಳು ಸಾಲಾಗಿ ಕಾಣುತ್ತವೆ. ಹಳೇ ಕಲ್ಲಚ್ಚಿನಲ್ಲಿ ಚುಕ್ಕಿಗಳು ಅಡ್ಡಾದಿಡ್ಡಿ. ಮೊಳೆ, ಅಂದರೆ ಸೀಸದ ಬಿಡಿ ಅಕ್ಷರ, ಜೋಡಿಸಿ ಅಚ್ಚು ಹಾಕಿದ್ದರೆ ಕಾಗದದ ಹಿಂದೆ ಬೆರಳಾಡಿಸಿದಾಗ ಅಕ್ಷರಗಳು ಉಬ್ಬಿದಂತೆ ಸಿಗುತ್ತವೆ. ಮೇಲೆ ಶಿವಕಾಶಿಯ ಚುಕ್ಕಿ, ಕೆಳಗೆ ಊರಿನ ಮೊಳೆ, ಎರಡೂ ಒಂದೇ ಹಾಳೆಯಲ್ಲಿ.

ಇನ್ನು ಉಳಿಸುವ ಮಾತು. ಮಲೆನಾಡಿನಲ್ಲಿ ಕಾಗದಕ್ಕೆ ಮಳೆಗಾಲವೇ ಶತ್ರು. ಮುಗ್ಗಲು ವಾಸನೆ, ಬೂಸ್ಟು, ಗೆದ್ದಲು, ಹಾಳೆಗಳ ಸಂದಿಯಲ್ಲಿ ಓಡುವ ಬೆಳ್ಳಿ ಬಣ್ಣದ ಹುಳ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ಕ್ಷೇಮ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತೇವ ಇರುವ ಕಾಗದವನ್ನು ಮುಚ್ಚಿ ಕಟ್ಟಿದರೆ ಅದರೊಳಗೇ ಬೂಸ್ಟು ಬೆಳೆಯುತ್ತದೆ. ನಾನು ಕವರಿಗೆ ಹಾಕುವ ಕೆಲಸವನ್ನು ಚಳಿಗಾಲ ಕಳೆಯುವ ಹೊತ್ತಿಗೆ, ಗಾಳಿ ಒಣಗಿದ ಮೇಲೆ ಮಾತ್ರ ಮಾಡುತ್ತೇನೆ. ಕವರು ಪಾರದರ್ಶಕ ಪಾಲಿಯೆಸ್ಟರ್ ಹಾಳೆಯದೇ ಆಗಬೇಕು. ಅಂಗಡಿಯಲ್ಲಿ ಸಿಗುವ ಮೆತ್ತನೆ ಪಿವಿಸಿ ಫೈಲು ಕಾಲಕ್ರಮೇಣ ಶಾಯಿಯನ್ನು ಹಿಡಿದುಕೊಳ್ಳುತ್ತದೆ. ಲ್ಯಾಮಿನೇಶನ್ ಬೇಡವೇ ಬೇಡ, ಒಮ್ಮೆ ಮಾಡಿದರೆ ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪಿನ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಹರಿದಿದ್ದರೆ ಹರಿದಿರಲಿ, ಎರಡು ಚೂರನ್ನೂ ಒಂದೇ ಕವರಿನಲ್ಲಿ ಇಡಿ.

ಕ್ಯಾಲೆಂಡರಿನ ತಲೆಯ ತಗಡಿನ ಪಟ್ಟಿ, ಗುಂಡುಪಿನ್ನು, ಸ್ಟೇಪಲ್ ಪಿನ್ನು ಎಲ್ಲ ತೆಗೆಯಬೇಕು. ತುಕ್ಕು ಕಾಗದವನ್ನು ತಿನ್ನುತ್ತದೆ. ಒಲೆಯ ಮಸಿ ಕೂತಿದ್ದರೆ ಮೆತ್ತನೆ ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಹಗುರಾಗಿ ಗುಡಿಸುತ್ತೇನೆ. ಒದ್ದೆ ಬಟ್ಟೆ ಮುಟ್ಟಿಸುವುದಿಲ್ಲ. ರಬ್ಬರ್ ಸ್ಟಾಂಪಿನ ನೇರಳೆ ಶಾಯಿ ಒಂದು ಹನಿ ನೀರಿಗೇ ಹರಿದುಬಿಡುತ್ತದೆ. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಎಳೆಯುವುದಿಲ್ಲ, ಗಾಜಿನ ಸಮೇತ ಫೋಟೋ ತೆಗೆಯುತ್ತೇನೆ. ನುಸಿಗುಳಿಗೆ ವಾಸನೆ ನನಗೂ ಆಗದು, ಕಾಗದಕ್ಕೂ ಒಳ್ಳೆಯದಲ್ಲ. ಓಲೆಗರಿ ಕಟ್ಟುಗಳಿಗೆ ಇಡುತ್ತಿದ್ದ ಹಾಗೆ ಬಜೆ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆ ಮೂಲೆಗೆ ಇಡುತ್ತೇನೆ, ಕಾಗದಕ್ಕೆ ತಾಗದ ಹಾಗೆ. ಅದಕ್ಕಿಂತ ಮುಖ್ಯ, ಆಗಾಗ ಪೆಟ್ಟಿಗೆ ತೆಗೆದು ನೋಡುವುದು.

ಮಳೆಗಾಲದಿಂದ ಒಂದು ಉಪಕಾರ ಮಾತ್ರ ಇದೆ. ವರ್ಷಗಟ್ಟಲೆ ಸುರುಳಿ ಸುತ್ತಿಟ್ಟ ಹಾಳೆ ಬೇಸಿಗೆಯಲ್ಲಿ ಬಿಡಿಸಿದರೆ ಪಟಪಟ ಒಡೆಯುತ್ತದೆ. ಜೂನ್ ತಿಂಗಳ ಗಾಳಿಗೆ ಒಂದೆರಡು ದಿನ ಸುಮ್ನೆ ಬಿಟ್ಟರೆ ತಾನೇ ಮೆತ್ತಗಾಗುತ್ತದೆ. ಆಮೇಲೆ ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು, ಮೇಲೆ ಪ್ಲೈವುಡ್ ಹಲಗೆ ಹೇರಿದರೆ ಸಪಾಟಾಗುತ್ತದೆ. ಬ್ಲಾಟಿಂಗ್ ಪೇಪರ್ ಮಾತ್ರ ಬದಲಿಸುತ್ತಿರಬೇಕು.

ಇದಕ್ಕೆಲ್ಲ ಬೆಲೆ ಇದೆಯಾ ಅಂತ ಕೇಳುವವರಿಗೆ ರೋಜಾ ಮುತ್ತಯ್ಯನವರ ಹೆಸರು ಹೇಳುತ್ತೇನೆ. ತಮಿಳುನಾಡಿನ ಕೊಟ್ಟೈಯೂರಿನಲ್ಲಿ ಬೋರ್ಡ್ ಬರೆಯುತ್ತಿದ್ದ ಕಲಾವಿದರು. ಪುಸ್ತಕಗಳ ಜೊತೆ ನಾಟಕದ ನೋಟೀಸು, ಆಮಂತ್ರಣ ಪತ್ರಿಕೆಗಳನ್ನೂ ಕೂಡಿಟ್ಟಿದ್ದರು. ಅವರು ತೀರಿಕೊಂಡ ಮೇಲೆ, 1994ರಲ್ಲಿ, ಅದರಿಂದಲೇ ಚೆನ್ನೈಯಲ್ಲಿ ಒಂದು ಸಂಶೋಧನಾ ಗ್ರಂಥಾಲಯ ಹುಟ್ಟಿತು.

ನಾನು ಬರಹ, ಕಲೆ ಯಾವುದನ್ನೂ ಅಳಿಸುವುದಿಲ್ಲ. ದೇವರ ಹಣೆಗೆ ಹಚ್ಚಿದ ಕುಂಕುಮ, ತಾರೀಖಿನ ಚೌಕದಲ್ಲಿ ಬರೆದ ಹಾಲಿನ ಲೆಕ್ಕ, ಎಮ್ಮೆ ಈದ ದಿನ, ಎಲ್ಲ ಹಾಗೇ ಇರಬೇಕು. ಹೊಳೆಯುವ ಕ್ಯಾಲೆಂಡರಿಗಿಂತ ಹಾಲಿನ ಲೆಕ್ಕ ಇರುವ ಕ್ಯಾಲೆಂಡರ್ ನನಗೆ ಮೇಲು. ಅದಕ್ಕೇ ಸ್ಕ್ಯಾನ್ ಮಾಡುವಾಗ ಎರಡೂ ಬದಿ ಮಾಡುತ್ತೇನೆ, 600 ಡಿಪಿಐಯಲ್ಲಿ, ಅಂಚು ಕತ್ತರಿಸದೆ. ಬೇರೆಯವರಿಗೆ ತೋರಿಸುವ ಪ್ರತಿಯಲ್ಲಿ ಸಾಲಗಾರರ ಹೆಸರಿದ್ದರೆ ಮುಚ್ಚುತ್ತೇನೆ. ಕಾಪಿರೈಟ್ ಬಗ್ಗೆಯೂ ಸ್ವಲ್ಪ ಎಚ್ಚರ ಬೇಕು. ನಮ್ಮ ಕಾನೂನಿನಲ್ಲಿ ಹೆಸರಿಲ್ಲದ ಕೃತಿಗೆ ಪ್ರಕಟವಾಗಿ 60 ವರ್ಷ, ಕಲಾವಿದರ ಹೆಸರು ಗೊತ್ತಿದ್ದರೆ ಅವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಚಿತ್ರದ ಮೂಲೆಯಲ್ಲಿ ಸಹಿ ಇದೆಯಾ ನೋಡಿಕೊಳ್ಳಿ.

ಈಗಿನದನ್ನೂ ಎತ್ತಿಡುತ್ತೇನೆ. ಈ ವರ್ಷದ ಮಂಡಿ ಕ್ಯಾಲೆಂಡರು, ಜಿಎಸ್‌ಟಿ ನಂಬರಿರುವ ಬಿಲ್ಲು, ಕ್ಯೂಆರ್ ಕೋಡ್ ಹಾಕಿದ ಕರಪತ್ರ. ಇವುಗಳಲ್ಲಿ ಬೇಗ ಸಾಯುವುದು ಮಶೀನಿನಿಂದ ಬರುವ ನುಣುಪು ಬಿಲ್ಲು. ಅದರಲ್ಲಿ ಶಾಯಿಯೇ ಇಲ್ಲ, ಬಿಸಿಗೆ ಕಪ್ಪಾಗುವ ಕಾಗದ ಅದು. ಕೆಲವೇ ವರ್ಷಗಳಲ್ಲಿ ಅಕ್ಷರ ಮಾಯವಾಗುತ್ತದೆ. ಅದನ್ನು ಮಾತ್ರ ಮನೆಗೆ ಬಂದ ದಿನವೇ ಸ್ಕ್ಯಾನ್ ಮಾಡಿಬಿಡುತ್ತೇನೆ.