ಪುಷ್ಯ ಮಳೆಯಲ್ಲೂ ಗರಿಗರಿ ಗೋಲ್ಗಪ್ಪ: ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಗೋಲ್ಗಪ್ಪದ, ಅಂದರೆ ಪಾನಿಪೂರಿಯ, ಪೂರಿ ಮನೆಯಲ್ಲೇ ಮಾಡಿ, ವಾರದ ತನಕ ಗರಿಗರಿಯಾಗಿ ಇಟ್ಟಿದ್ದೇನೆ. "ಪುಷ್ಯ ಮಳೆಗೆ ಹಪ್ಪಳವೇ ಮೆತ್ತಗಾಗತ್ತೆ, ಇನ್ನು ನಿನ್ನ ಪೂರಿ ನಿಲ್ಲತ್ತಾ ಮಾರಾಯ್ತಿ?" ಅಂದಿದ್ದರು ಅತ್ತಿಗೆ. ಈಗ ಅವರೇ ಖಾಲಿ ಡಬ್ಬಿ ಕಳಿಸುತ್ತಾರೆ.

ಹಿಟ್ಟು ನಿಮಗೆಲ್ಲ ಗೊತ್ತಿರುವುದೇ. ಚಿರೋಟಿ ರವೆ, ಎರಡು ಚಮಚ ಮೈದಾ, ಗಟ್ಟಿಯಾಗಿ ಕಲಸಿ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ. ದೆಹಲಿ ಕಡೆ ಗೋಧಿ ಹಿಟ್ಟಿನದೂ ಮಾಡುತ್ತಾರೆ. ರುಚಿ ಜಾಸ್ತಿ, ಆದರೆ ನಮ್ಮ ಹವೆಗೆ ಸಂಜೆಯೊಳಗೆ ಮೆತ್ತಗೆ. ಅಡುಗೆ ಸೋಡಾ ಹಾಕಿದ್ದು ಎಣ್ಣೆ ಕುಡಿಯಿತು. ಸೋಡಾ ನೀರಲ್ಲಿ ಕಲಸಿದ್ದು ಚೆನ್ನಾಗಿ ಉಬ್ಬಿ ಆಮೇಲೆ ಕುಸಿಯಿತು. ಎರಡು ಲೀಟರ್ ಎಣ್ಣೆ, ಸುಮಾರು 300 ರೂಪಾಯಿ, ಇದರಲ್ಲೇ ಹೋಯಿತು.

ದೊಡ್ಡದಾಗಿ ಲಟ್ಟಿಸಿ ಮುಚ್ಚಳದಲ್ಲಿ ಒತ್ತಿದರೆ ಕೆಲಸ ಬೇಗ. ಆದರೆ ಉಳಿದ ಚೂರನ್ನು ಮತ್ತೆ ನಾದಿದರೆ ಸರಿಯಾಗಿ ಉಬ್ಬುವುದಿಲ್ಲ. ಅದನ್ನು ಪಾಪ್ಡಿಗೆ ಇಟ್ಟುಕೊಳ್ಳಿ. ಕರಿದ ಪೂರಿಯನ್ನು ತಿರುಗಿಸಿ ನೋಡಿ. ತಳದಲ್ಲಿ ಬೆರಳಗಲ ಬಿಳಿ ಮಚ್ಚೆ ಇದ್ದರೆ ಮೆತ್ತಗಾಗುವುದು ಅಲ್ಲಿಂದಲೇ ಶುರು. ಉಬ್ಬಿದ ಮೇಲೆ ಉರಿ ತಗ್ಗಿಸಿ, ಆ ಮಚ್ಚೆ ಕೆಂಪಾಗುವ ತನಕ ಬಿಡಬೇಕು.

ಅಸಲು ಕೆಲಸ ಕರಿದ ಮೇಲಿನದು. ಒಲೆ ಮೇಲಿನ ಅಟ್ಟದಲ್ಲಿ ಇಟ್ಟು ನೋಡಿದೆ. ಗರಿಗರಿ ಆಯಿತು, ಆದರೆ ಹೊಗೆ ವಾಸನೆ ಪುದೀನಕ್ಕೆ ಹೊಂದಲಿಲ್ಲ. ಕೊನೆಗೆ ಗೆದ್ದಿದ್ದು ಕೆಂಡ ಹಾಕುವ ಅಗ್ಗಿಷ್ಟಿಕೆ. ಬಚ್ಚಲೊಲೆಯಿಂದ ಹೊಗೆ ಅಡಗಿದ ಕೆಂಡ ತಂದು, ಮೇಲೆ ತೆಳ್ಳಗೆ ಬೂದಿ ಉದುರಿಸಿ, ಬಾಣಂತಿ ಮನೆಯಲ್ಲಿ ಮಗುವಿನ ಬಟ್ಟೆ ಒಣಗಿಸುವ ಹಾಗೆ ಬಿದಿರಿನ ಬುಟ್ಟಿ ಕವುಚಿದೆ. ಅದರ ಮೇಲೆ ಬಟ್ಟೆ, ಬಟ್ಟೆ ಮೇಲೆ ಪೂರಿ. ಇಪ್ಪತ್ತು ನಿಮಿಷ ಇರಬಹುದು, ನಡುವೆ ಒಮ್ಮೆ ಮಗುಚಬೇಕು. ಉಗುರಲ್ಲಿ ತಟ್ಟಿದರೆ ಟಕ್ ಅನ್ನಬೇಕು. ಪೂರ್ತಿ ಆರಲಿ ಅಂತ ಕಾಯಬೇಡಿ, ಹವೆಯ ತೇವ ಮತ್ತೆ ಹೀರುತ್ತದೆ. ಬೆಚ್ಚಗಿರುವಾಗಲೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಡಬ್ಬಿಯ ತಳಕ್ಕೆ ನಾನೊಂದು ಹಾಕುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಅರ್ಧ ಕಿಲೋ ರವೆಗೆ ನೂರರ ಮೇಲೆ ಪೂರಿ. ಎಣ್ಣೆ ಸೇರಿ 70-80 ರೂಪಾಯಿ ಖರ್ಚು. ಶಿವಮೊಗ್ಗದಲ್ಲಿ ಅಷ್ಟಕ್ಕೆ ಎರಡು ಪ್ಲೇಟ್ ಬರುತ್ತದೆ ಅಷ್ಟೆ.

ಪಾನಿಗೆ ಪುದೀನ, ಕೊತ್ತಂಬರಿ, ಹುರಿದ ಜೀರಿಗೆ, ಕಪ್ಪು ಉಪ್ಪು, ಇಂಗು ಎಲ್ಲ ದೆಹಲಿ ಕಡೆಯವರ ಲೆಕ್ಕದಂತೆಯೇ. ಖಾರಕ್ಕೆ ಮಾತ್ರ ನಮ್ಮ ಸೂಜಿಮೆಣಸು, ನಾಲ್ಕೈದು ಸಾಕು. ಐಸ್ ನೀರು ಹಾಕಿ ರುಬ್ಬಿದರೆ ಹಸಿರು ಉಳಿಯುತ್ತದೆ. ಹುಳಿಗೆ ಹುಣಸೆ ಬಿಟ್ಟು ಮುರುಗಲು (ಕೋಕಂ) ಹಾಕಿ ನೋಡಿದೆ. ರುಚಿ ಒಳ್ಳೆಯದೇ, ಆದರೆ ಪುದೀನದ ಜೊತೆ ಬಣ್ಣ ಕೆಸರಾಯಿತು. ಎಳೆ ಅಮಟೆಕಾಯಿ ತುರಿದು ಹಿಂಡಿದ ರಸ ಮಾತ್ರ ಅದ್ಭುತ! ಮುರುಗಲನ್ನು ಈಗ ಪುದೀನವಿಲ್ಲದೆ, ಬೆಲ್ಲ ಮತ್ತು ಶುಂಠಿ ಜೊತೆ ಬೇರೆ ಚೊಂಬಿನಲ್ಲಿ ಮಾಡುತ್ತಿದ್ದೇನೆ. ಮಕ್ಕಳು ಅದನ್ನೇ ಮೊದಲು ಖಾಲಿ ಮಾಡುತ್ತಾರೆ.