ಪರದೆಯ ಮೇಲೆ ಒಮ್ಮೆ, ಗೋಡೆಯ ಮೇಲೆ ಒಮ್ಮೆ

ಪ್ರಾದೇಶಿಕ ಕಲಾ ಪ್ರದರ್ಶನಕ್ಕೆ ನಾನು ಮೊದಲ ಸಲ ಕಳುಹಿಸಿದ ಮೂರು ಜಲವರ್ಣ ಚಿತ್ರಗಳಲ್ಲಿ ಒಂದೂ ಆಯ್ಕೆಯಾಗಲಿಲ್ಲ. ಎರಡನೆಯ ವರ್ಷವೂ ಹಾಗೆಯೇ ಆಯಿತು. ಮೂರನೆಯ ವರ್ಷ ಒಂದು ಚಿತ್ರ ಆಯ್ಕೆಯಾಯಿತು, ಐದನೆಯ ವರ್ಷ ಒಂದಕ್ಕೆ ಮೆಚ್ಚುಗೆ ಬಹುಮಾನ ಬಂತು. ಈ ನಡುವೆ ನನ್ನ ಕೈ ಪಳಗಿದ್ದು ನಿಜ, ಆದರೆ ಫಲಿತಾಂಶ ಬದಲಾದದ್ದಕ್ಕೆ ಅದೊಂದೇ ಕಾರಣವಲ್ಲ. ಮೊದಲ ವರ್ಷ ತಿರಸ್ಕೃತವಾಗಿದ್ದ ಒಂದು ಚಿತ್ರಕ್ಕೆ ಹೊಸದಾಗಿ ಫೋಟೊ ತೆಗೆದು, ಕೃತಿ ಇಂತಿಷ್ಟು ವರ್ಷದೊಳಗಿನದಾಗಿರಬೇಕೆಂಬ ನಿಯಮವಿಲ್ಲದ ಬೇರೊಂದು ಪ್ರದರ್ಶನಕ್ಕೆ ಕಳುಹಿಸಿದಾಗ ಅದು ಆಯ್ಕೆಯಾಯಿತು. ಚಿತ್ರದಲ್ಲಿ ನಾನು ಒಂದು ಗೆರೆಯನ್ನೂ ತಿದ್ದಿರಲಿಲ್ಲ.

ಇಂಥ ಪ್ರದರ್ಶನಗಳಲ್ಲಿ ಒಂದೇ ಚಿತ್ರ ಎರಡು ಸಲ ತೀರ್ಪಿಗೆ ಒಳಗಾಗುತ್ತದೆ ಎಂಬುದು ನನಗೆ ಸರಿಯಾಗಿ ಮನದಟ್ಟಾಗಲು ಎರಡು ವರ್ಷ ಹಿಡಿಯಿತು. ಯಾವ ಕೃತಿ ಪ್ರದರ್ಶನಕ್ಕೆ ಬರಬೇಕೆಂಬುದನ್ನು ಈಗ ಹೆಚ್ಚಿನ ಕಡೆ ಫೋಟೊಗಳನ್ನು ಪರದೆಯ ಮೇಲೆ ನೋಡಿ ನಿರ್ಧರಿಸುತ್ತಾರೆ. ಬಹುಮಾನ ಯಾವುದಕ್ಕೆಂಬ ತೀರ್ಮಾನವಾಗುವುದು ಮೂಲಕೃತಿಗಳು ಗೋಡೆಗೇರಿದ ಮೇಲೆ. ನಾನು ತಿಂಗಳುಗಟ್ಟಲೆ ಕುಳಿತು ಬರೆದ ಚಿತ್ರಕ್ಕೆ ಅರ್ಜಿಯ ಕೊನೆಯ ದಿನದ ಸಂಜೆ ಐದು ನಿಮಿಷದಲ್ಲಿ ಫೋಟೊ ತೆಗೆಯುತ್ತಿದ್ದೆ.

ಆ ಫೋಟೊಗಳು ಈಗಲೂ ನನ್ನ ಬಳಿ ಇವೆ. ಗಾಜು ಹಾಕಿಸಿದ ಮೇಲೆ ತೆಗೆದದ್ದರಿಂದ ಎಡ ಮೂಲೆಯಲ್ಲಿ ಕಿಟಕಿಯ ಬಿಂಬ ಬಿದ್ದಿದೆ; ಕ್ಯಾಮೆರಾ ವಾಲಿದ್ದರಿಂದ ಚಿತ್ರದ ಮೇಲಂಚು ಕೆಳಗಿನದಕ್ಕಿಂತ ಕಿರಿದಾಗಿ ಕಾಣುತ್ತದೆ. ಇದಕ್ಕಿಂತ ದೊಡ್ಡ ದೋಷ ಬಿಳುಪಿನದು. ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ತಾಗಿಸದೆ ಉಳಿಸಿಕೊಂಡ ಕಾಗದ. ಕ್ಯಾಮೆರಾ ತಾನಾಗಿಯೇ ಬೆಳಕನ್ನು ಅಳೆಯುವಾಗ ಎದುರಿಗಿರುವುದು ಒಟ್ಟಾರೆ ಮಧ್ಯಮ ಬೂದು ಬಣ್ಣದ್ದೆಂಬ ಲೆಕ್ಕದಲ್ಲಿ ಅಳೆಯುವುದರಿಂದ, ತಿಳಿಬಣ್ಣದ ಚಿತ್ರಗಳಲ್ಲಿ ಆ ಬಿಳುಪು ಮಾಸಿಹೋಗುತ್ತದೆ. ನಾನು ಬರೆದದ್ದು ನಡುಹಗಲಿನ ಬಿಸಿಲು, ತೀರ್ಪುಗಾರರ ಕಣ್ಣಿಗೆ ಬಿದ್ದದ್ದು ಮೋಡ ಕವಿದ ಸಂಜೆ.

ಈಗ ಫ್ರೇಮ್ ಹಾಕಿಸುವುದಕ್ಕೆ ಮೊದಲೇ ಫೋಟೊ ತೆಗೆಯುತ್ತೇನೆ. ಚಿತ್ರವನ್ನು ಗೋಡೆಗೆ ಸಮತಟ್ಟಾಗಿ ನಿಲ್ಲಿಸಿ, ಒಂದೇ ಬಗೆಯ ಎರಡು ದೀಪಗಳನ್ನು ಎರಡೂ ಬದಿಗಳಿಂದ 45 ಡಿಗ್ರಿ ಕೋನದಲ್ಲಿ, ಸಮ ದೂರದಲ್ಲಿ ಇಟ್ಟು, ಕೋಣೆಯ ಉಳಿದ ದೀಪಗಳನ್ನೆಲ್ಲ ಆರಿಸುತ್ತೇನೆ. ಟ್ರೈಪಾಡ್ ಮೇಲಿನ ಕ್ಯಾಮೆರಾದ ಲೆನ್ಸ್ ಚಿತ್ರದ ನಟ್ಟನಡುವಿಗೆ ನೇರವಾಗಿರಬೇಕು. ಮೊದಲು ಗ್ರೇ ಕಾರ್ಡ್ (ಬಣ್ಣ ಸರಿಹೊಂದಿಸಲು ಬಳಸುವ ಬೂದು ರಟ್ಟು) ಇಟ್ಟು ಒಂದು ಫೋಟೊ ತೆಗೆದು, ಆಮೇಲೆ ಕ್ಯಾಮೆರಾ ಸೆರೆಹಿಡಿಯುವ ಬೆಳಕಿನ ಪ್ರಮಾಣವನ್ನು, ಅಂದರೆ ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪಿನವರೆಗೆ (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡರಷ್ಟು) ಏರಿಸುತ್ತಾ ನಾಲ್ಕಾರು ಫೋಟೊ ತೆಗೆಯುತ್ತೇನೆ. ಹೆಚ್ಚಿನ ಪರದೆಗಳು ಬಳಸುವ ಎಸ್‌ಆರ್‌ಜಿಬಿ ಬಣ್ಣಕ್ರಮದಲ್ಲಿ ಉಳಿಸಿದ ಫೈಲನ್ನು ಮೂಲಚಿತ್ರದ ಪಕ್ಕದಲ್ಲೇ ಕುಳಿತು ತಿದ್ದುತ್ತೇನೆ, ಅದೂ ಮೂಲಕ್ಕೆ ಹೊಂದುವವರೆಗೆ ಮಾತ್ರ. ಮೂಲಕ್ಕಿಂತ ಉಜ್ವಲವಾದ ಫೋಟೊ ಕಳುಹಿಸಿದರೆ ಎರಡನೆಯ ನೋಟದಲ್ಲಿ ಚಿತ್ರ ಸೋಲುವುದು ಖಂಡಿತ. ಫೋಟೊಗೆ ಹೊಂದದ ಕೃತಿಯನ್ನು ಬಾಗಿಲಲ್ಲೇ ಹಿಂದಿರುಗಿಸುವ ನಿಯಮವೂ ಹಲವೆಡೆ ಇದೆ, ಅದು ನ್ಯಾಯವೇ.

ಎರಡನೆಯ ಸಲ ತಿರಸ್ಕೃತನಾದ ಮೇಲೆ ನಾನು ಆಯ್ಕೆಯ ದಿನ ಸಹಾಯಕನಾಗಿ ಕೆಲಸ ಮಾಡಲು ಹೆಸರು ಕೊಟ್ಟೆ. ಒಂದು ಫೋಟೊ ಮುಗಿದೊಡನೆ ಮುಂದಿನದನ್ನು ತೋರಿಸುವುದು ಮತ್ತು ಅಂಕಗಳನ್ನು ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ. ಕಲಾವಿದರ ಹೆಸರು ಇರುವುದಿಲ್ಲ. ಕ್ರಮಸಂಖ್ಯೆ, ಶೀರ್ಷಿಕೆ, ಮಾಧ್ಯಮ, ಅಳತೆ ಇಷ್ಟೇ. ಮೊದಲ ಸುತ್ತಿನಲ್ಲಿ ಯಾರೂ ಅಂಕ ಕೊಡಲಿಲ್ಲ, ಎಲ್ಲವನ್ನೂ ಕೆಲವೇ ಸೆಕೆಂಡುಗಳಂತೆ ಸುಮ್ಮನೆ ನೋಡಿದರು. ಅಷ್ಟು ಕಡಿಮೆ ಹೊತ್ತಿನಲ್ಲಿ ಕತ್ತಲು ಬೆಳಕಿನ ಹಂಚಿಕೆಯೊಂದು ಬಿಟ್ಟರೆ ಬೇರೇನೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ ಎಂಬುದನ್ನು ನಾನು ಅಲ್ಲಿ ನನ್ನ ಕಣ್ಣಿಂದಲೇ ಕಂಡುಕೊಂಡೆ. ಸೂಕ್ಷ್ಮವಾದ ಕುಸುರಿಯಿದ್ದ ಎಷ್ಟೋ ಚಿತ್ರಗಳು ಪರದೆಯ ಮೇಲೆ ಒಂದೇ ಬೂದು ಮುದ್ದೆಯಾಗಿ ಸರಿದುಹೋದವು. ಈಗ ನಾನು ಚಿತ್ರ ಮುಗಿಸುವ ಮೊದಲು ಅದರ ಕಪ್ಪುಬಿಳುಪು ಫೋಟೊವನ್ನು ಹೆಬ್ಬೆರಳಿನ ಗಾತ್ರಕ್ಕೆ ಇಳಿಸಿ ನೋಡುತ್ತೇನೆ.

ಅದೇ ದಿನ ನನ್ನನ್ನು ಕಾಡಿದ್ದು ಅಂಕಗಳ ಪಟ್ಟಿ. ಮೂವರು ತೀರ್ಪುಗಾರರಲ್ಲಿ ಒಬ್ಬೊಬ್ಬರೂ 1ರಿಂದ 7ರವರೆಗೆ ಕೊಡಬಹುದಿತ್ತು. ಮೂವರೂ 5 ಕೊಟ್ಟ ಚಿತ್ರಕ್ಕೆ ಒಟ್ಟು 15. ಇಬ್ಬರು 7 ಮತ್ತು 6 ಕೊಟ್ಟು ಮೂರನೆಯವರು 1 ಕೊಟ್ಟ ಚಿತ್ರಕ್ಕೆ 14. ಗೆರೆ ಹಾಕಿದ್ದು 15ಕ್ಕೆ. ಯಾರನ್ನೂ ಕೆಣಕದ ಚಿತ್ರ ಒಳಗೆ ಬಂತು, ಇಬ್ಬರನ್ನು ಹಿಡಿದು ನಿಲ್ಲಿಸಿದ ಚಿತ್ರ ಹೊರಗುಳಿಯಿತು. ಅಲ್ಲಿ ಯಾರ ದುರುದ್ದೇಶವೂ ಇರಲಿಲ್ಲ, ಕೂಡುವ ಕ್ರಮವೇ ಅಂಥದ್ದು. 1863ರಲ್ಲಿ ಪ್ಯಾರಿಸ್ಸಿನ ಸಲೋನ್ ಎಂಬ ಅಧಿಕೃತ ಕಲಾ ಪ್ರದರ್ಶನದ ತೀರ್ಪುಗಾರರು ಬಂದ ಕೃತಿಗಳಲ್ಲಿ ಬಹುಪಾಲನ್ನು ತಿರಸ್ಕರಿಸಿದಾಗ ಕಲಾವಿದರ ದೂರು ಚಕ್ರವರ್ತಿ ಮೂರನೆಯ ನೆಪೋಲಿಯನ್‌ನವರೆಗೂ ಮುಟ್ಟಿ, ತಿರಸ್ಕೃತ ಕೃತಿಗಳಿಗೇ ಬೇರೊಂದು ಪ್ರದರ್ಶನ ಏರ್ಪಟ್ಟಿತು. ಮುಂದೆ ಹೆಸರಾಂತ ಚಿತ್ರಕಾರರಾದ ಮಾನೆ, ಪಿಸ್ಸಾರೊ, ವಿಸ್ಲರ್ ಅವರ ಚಿತ್ರಗಳಿದ್ದದ್ದು ಅಲ್ಲಿ. ನಮ್ಮ ಪ್ರಾದೇಶಿಕ ಪ್ರದರ್ಶನಗಳಲ್ಲಿ ಹೊರಗುಳಿದ ಚಿತ್ರಕ್ಕೆ ಅಂಥ ಎರಡನೆಯ ಬಾಗಿಲು ತೆರೆಯುವುದು ಅಪರೂಪ.

ಮೂರನೆಯ ವರ್ಷ ಆಯ್ಕೆಯಾದ ನನ್ನ ಚಿತ್ರವನ್ನು ಗೋಡೆಯ ಮೇಲೆ ಕಂಡಾಗ ಸಂತೋಷದ ಜೊತೆಗೇ ಒಂದು ಪೆಟ್ಟೂ ಬಿತ್ತು. ಅದರ ಪಕ್ಕದಲ್ಲಿ ಎರಡರಷ್ಟು ಅಗಲದ, ಕಡುಗೆಂಪಿನ ತೈಲವರ್ಣ ಚಿತ್ರವಿತ್ತು, ನನ್ನ ಚಿತ್ರದ ನದಿ ಅದರ ಎದುರು ತೊಳೆದಿಟ್ಟಂತೆ ಪೇಲವವಾಗಿತ್ತು. ಪರದೆಯ ಮೇಲೆ ಚಿತ್ರ ಒಂಟಿ, ಗೋಡೆಯ ಮೇಲೆ ಅದಕ್ಕೆ ನೆರೆಯವರಿರುತ್ತಾರೆ. 1832ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿ ಇಂಗ್ಲಿಷ್ ಚಿತ್ರಕಾರ ಟರ್ನರ್ ಅವರ ಬೂದುಬಣ್ಣದ ಕಡಲ ಚಿತ್ರವನ್ನು ಕಾನ್‌ಸ್ಟೆಬಲ್ ಅವರ ಬಣ್ಣ ತುಂಬಿದ ವಾಟರ್‌ಲೂ ಸೇತುವೆಯ ಚಿತ್ರದ ಪಕ್ಕದಲ್ಲಿ ತೂಗುಹಾಕಿದ್ದರು. ಪ್ರದರ್ಶನ ತೆರೆಯುವ ಮುನ್ನ ಕಲಾವಿದರಿಗೆ ಕೊನೆಯ ತಿದ್ದುಪಡಿಗೆಂದು ಕೊಡುತ್ತಿದ್ದ ದಿನಗಳಲ್ಲಿ ಟರ್ನರ್ ತಮ್ಮ ಕಡಲಿಗೆ ಒಂದೇ ಒಂದು ಕೆಂಪು ಬೊಟ್ಟಿಟ್ಟು ಹೋದರು, ಅದನ್ನು ಆಮೇಲೆ ಹಡಗುಗಳಿಗೆ ದಾರಿ ತೋರಿಸಲು ನೀರಿನ ಮೇಲೆ ತೇಲಬಿಡುವ ಗುರುತಿನ ರೂಪಕ್ಕೆ ತಂದರು. ನಮಗೀಗ ಗಾಜಿನ ಹಿಂದಿನ ಚಿತ್ರವನ್ನು ತಿದ್ದುವ ಅವಕಾಶವಿಲ್ಲ, ಆದ್ದರಿಂದ ನೆರೆ ಯಾರೇ ಬಂದರೂ ತಡೆದುಕೊಳ್ಳುವಷ್ಟು ಸಿದ್ಧತೆ ಮನೆಯಲ್ಲೇ ಆಗಬೇಕು. ನಾನು ಮೌಂಟ್ ಬೋರ್ಡಿನ (ಗಾಜಿನಡಿ ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟಿನ) ಅಂಚನ್ನು ಐದು ಸೆಂಟಿಮೀಟರಿನಿಂದ ಹತ್ತಕ್ಕೆ ಹೆಚ್ಚಿಸಿದೆ, ಚಿತ್ರದ ಅತಿ ಗಾಢವಾದ ಒಂದು ಜಾಗವನ್ನು ಇನ್ನಷ್ಟು ಗಾಢಗೊಳಿಸುವ ಧೈರ್ಯ ಮಾಡಿದೆ.

ಬಹುಮಾನದ ತೀರ್ಪುಗಾರರು ಎಷ್ಟು ಹತ್ತಿರದಿಂದ ನೋಡುತ್ತಾರೆಂಬುದನ್ನು ಹೊರಗಿನವರು ಊಹಿಸಲಾರರು. ನಾಲ್ಕನೆಯ ವರ್ಷ ಒಬ್ಬರು ನನ್ನ ಚಿತ್ರದ ಮುಂದೆ ಬಗ್ಗಿ, ನದಿದಂಡೆಯ ಕತ್ತಲಲ್ಲಿ ಕಾಣುವ ಬಿಳಿ ಚುಕ್ಕೆ ಕೊಕ್ಕರೆಯೇ ಎಂದು ಕೇಳಿದರು. ಅದು ಮೌಂಟ್ ಬೋರ್ಡ್ ಕತ್ತರಿಸುವಾಗ ಎದ್ದ ಕಾಗದದ ಚೂರು, ಗಾಜಿನ ಒಳಬದಿಗೆ ಅಂಟಿಕೊಂಡಿತ್ತು. ಅಂದಿನಿಂದ ಗಾಜು ಮುಚ್ಚುವ ಮುನ್ನ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಮೆತ್ತನೆಯ ಕುಂಚದಿಂದ ಗುಡಿಸಿ, ಹಿಂಬದಿಯ ಸಂದುಗಳಿಗೆ ಟೇಪ್ ಅಂಟಿಸುತ್ತೇನೆ. ಫ್ರೇಮಿನ ಎರಡೂ ಪಕ್ಕಗಳಲ್ಲಿ ಮೇಲಿನಿಂದ ಮೂರನೆಯ ಒಂದು ಭಾಗದಷ್ಟು ಕೆಳಗೆ ಡಿ-ರಿಂಗ್ (ತಂತಿ ಕಟ್ಟುವ ಡಿ ಆಕಾರದ ಲೋಹದ ಬಳೆ) ಕೂರಿಸಿ, ಎಳೆದು ಹಿಡಿದರೂ ಮೇಲಂಚಿನಿಂದ ಆಚೆ ಇಣುಕದಂತೆ ತಂತಿ ಕಟ್ಟುತ್ತೇನೆ.

ಕಳೆದ ಬಾರಿ ಒಂದು ಪ್ರದರ್ಶನದ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ಕೂರುವ ಮುನ್ನ ನಾನು ಕೇಳಿಕೊಂಡದ್ದು ಇಷ್ಟೇ: ಯಾರಾದರೂ ಒಬ್ಬರು 7 ಕೊಟ್ಟ ಚಿತ್ರವನ್ನು ಒಟ್ಟು ಅಂಕ ಎಷ್ಟೇ ಇರಲಿ, ಮತ್ತೊಮ್ಮೆ ಪರದೆಗೆ ತರಬೇಕು, ಕೊಟ್ಟವರು ಕಾರಣ ಹೇಳಬೇಕು. ಉಳಿದಿಬ್ಬರೂ ಒಪ್ಪಿದರು. ಆಯ್ಕೆಗೆ ಅದರಿಂದ ಒಂದು ಗಂಟೆ ಹೆಚ್ಚು ಹಿಡಿಯಿತು. ಗೆರೆಯ ಕೆಳಗಿದ್ದ ಏಳು ಚಿತ್ರಗಳು ಹಾಗೆ ಮರಳಿ ಬಂದವು. ಅವುಗಳಲ್ಲಿ ಮೂರನ್ನು ನಾವು ಉಳಿಸಿಕೊಂಡೆವು, ಅದರಲ್ಲೊಂದಕ್ಕೆ ನಾನು ಮೊದಲು 2 ಅಂಕ ಕೊಟ್ಟಿದ್ದೆ.